ಕುಂಬಾರನಿಗೆ ಹೆದರಿದವರು

ದೆವ್ವದ ಸಿನಿಮಾ ಎಂದರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಸಲಿಗೆ. ದೆವ್ವ, ಪಾಪ, ತಾನು ದೆವ್ವ ಎಂದು ಮೊದಲೇ ಹೇಳಿಕೊಂಡು ಬರುತ್ತದೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು, ತಂತಾನೇ ಬಡಿದುಕೊಳ್ಳುವ ಕಿಟಕಿ, ಊಳಿಡುವ ನಾಯಿ. ಇಷ್ಟೆಲ್ಲ ಮುನ್ಸೂಚನೆ ಕೊಟ್ಟು ಬರುವವರು ನಮ್ಮ ನೆಂಟರಲ್ಲೂ ಇಲ್ಲ. ಕೊನೆಗೆ ಒಬ್ಬ ಮಂತ್ರವಾದಿಯೋ, ಗುರುರಾಯರೋ, ಈಗಿನ ಕಾಲವಾದರೆ ಮನೋವೈದ್ಯನೋ ಬಂದು ಅದನ್ನು ಸಾಗಹಾಕುತ್ತಾರೆ ಎಂಬ ಭರವಸೆಯೂ ಟಿಕೆಟ್ಟಿನ ಜೊತೆಗೇ ಸಿಕ್ಕಿರುತ್ತದೆ. ಚಿಕ್ಕಂದಿನಲ್ಲಿ ನನ್ನನ್ನು ನಿಜವಾಗಿ ನಡುಗಿಸಿದವು ಬೇರೆಯೇ ಸಿನಿಮಾಗಳು. ಅವಕ್ಕೆ ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋದವಳು ಅಜ್ಜಿ. "ದೇವರ ಸಿನಿಮಾ, ಮಕ್ಕಳು ನೋಡ್ಲಿ, ಒಳ್ಳೇ ಬುದ್ಧಿ ಬರುತ್ತೆ" ಎನ್ನುವುದು ಅವಳ ವಾದ. ಬುದ್ಧಿಯ ವಿಷಯ ಬೇರೆಯವರು ಹೇಳಬೇಕು. ಭಯವಂತೂ ಧಾರಾಳವಾಗಿ ಬಂತು.

ನಮ್ಮದು ತುಮಕೂರು ಸೀಮೆಯ ಹೋಬಳಿ ಊರು. ಸಂತೆ ಮೈದಾನದ ಪಕ್ಕ ಟೂರಿಂಗ್ ಟಾಕೀಸ್ ಇತ್ತು. ನಮ್ಮ ಬಾಯಲ್ಲಿ ಅದು ಟೆಂಟು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶನ ಹಾಡು ಬಂತೆಂದರೆ ಟಿಕೆಟ್ ಕೊಡಲು ಶುರು ಮಾಡಿದರು ಎಂದೇ ಲೆಕ್ಕ. ಆ ಹಾಡು ಮುಗಿಯುವುದರೊಳಗೆ ಅಜ್ಜಿ ನಮಗೆ ಮುದ್ದೆ ನುಂಗಿಸಿ, ಸೆರಗಿನ ತುದಿಗೆ ಚಿಲ್ಲರೆ ಗಂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಕುರ್ಚಿಯವರು ಹಿಂದೆ, ಬೆಂಚಿನವರು ನಡುವೆ, ನೆಲದವರು ಪರದೆಯ ಬುಡದಲ್ಲಿ. ನೆಲದಲ್ಲೂ ಹೆಂಗಸರ ಕಡೆ, ಗಂಡಸರ ಕಡೆ ಎಂದು ನಡುವೆ ಒಂದು ಮೋಟು ಗೋಡೆ. ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂತರೆ ಮುಂದಿನವರ ತುರುಬು ಅಡ್ಡ ಬರುತ್ತಿರಲಿಲ್ಲ. ಹಿಂದಿನವರು ಬೈದು ಗುಡ್ಡೆ ಕೆಡವಿಸುವ ತನಕ ಆ ಸಿಂಹಾಸನ ನಮ್ಮದು. ಟೆಂಟಿಗೆ ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು, ಕಡಲೆಕಾಯಿ ಬುಟ್ಟಿ ಓಡಾಡುತ್ತಿತ್ತು. ಹೆದರುಪುಕ್ಕಲರಿಗೆ ಇದರಷ್ಟು ಅನುಕೂಲವಾದ ಏರ್ಪಾಡು ಇನ್ನೊಂದಿಲ್ಲ. ದೆವ್ವ ಎಷ್ಟೇ ಜೋರಾಗಿ ಅಟ್ಟಿಸಿಕೊಂಡು ಬಂದರೂ ರೀಲು ಮುಗಿದ ಕಡೆ ಅದು ನಿಲ್ಲಲೇಬೇಕು.

'ಭಕ್ತ ಕುಂಬಾರ' 1974ರ ಚಿತ್ರ. ನಮ್ಮ ಟೆಂಟಿಗೆ ಅದು ಬಂದದ್ದು ಊರೂರು ಸುತ್ತಿ, ಮೈತುಂಬ ಗೀರು ಮಾಡಿಕೊಂಡು, ಎಷ್ಟೋ ವರ್ಷಗಳ ಮೇಲೆ. ಗೋರಾ ಕುಂಬಾರನಾಗಿ ರಾಜಕುಮಾರ್. ಬಾಯಲ್ಲಿ ವಿಠ್ಠಲ, ಕಾಲಡಿಯಲ್ಲಿ ಹದಕ್ಕೆ ಬರುತ್ತಿರುವ ಮಣ್ಣು. ಎಳೆಯ ಮಗು ಅಪ್ಪನ ಕಡೆಗೆ ಬರುತ್ತದೆ. ಅಪ್ಪನಿಗೆ ಮೈಮೇಲೆ ಎಚ್ಚರವಿಲ್ಲ. ಮಗು ಬರುತ್ತಲೇ ಇದೆ, ಕಾಲು ತುಳಿಯುತ್ತಲೇ ಇದೆ.

ಆ ದೃಶ್ಯದಲ್ಲಿ ಕತ್ತಲೆಯಿಲ್ಲ, ಖಳನಿಲ್ಲ. ವಜ್ರಮುನಿಯವರಾಗಿದ್ದರೆ ಕಣ್ಣು ದೊಡ್ಡದು ಮಾಡಿ, ನಕ್ಕು, ತಾವು ಏನು ಮಾಡಲಿದ್ದೇವೆ ಎಂದು ಇಡೀ ಟೆಂಟಿಗೆ ತಿಳಿಸಿಯೇ ಮುಂದಿನ ಹೆಜ್ಜೆ ಇಡುತ್ತಿದ್ದರು. ಇಲ್ಲಿ ತುಳಿಯುವವನು ಕೆಟ್ಟವನಲ್ಲ; ಊರಿಗೇ ಒಳ್ಳೆಯವನು. ಮಗುವಿನ ಮೇಲೆ ಪ್ರೀತಿಯಿಲ್ಲದವನೂ ಅಲ್ಲ. ಅವನಿಗೆ ಮಗು ಕಾಣಲಿಲ್ಲ, ಅಷ್ಟೇ. ಹೆಂಗಸರ ಕಡೆಯಲ್ಲಿ ಮೂಗು ಒರೆಸಿಕೊಳ್ಳುವ ಸದ್ದೋ ಸದ್ದು. ಅಜ್ಜಿ ಕೆನ್ನೆ ಬಡಿದುಕೊಂಡು, "ಏನ್ ಭಕ್ತಿ ನೋಡೇ!" ಎಂದಳು. ನನಗೆ ಭಕ್ತಿ ಕಾಣಲಿಲ್ಲ, ಕಾಲು ಮಾತ್ರ ಕಂಡಿತು. ಅತ್ತು ಅತ್ತು ಅವಳ ತೊಡೆಯ ಮೇಲೆ ನಿದ್ದೆ ಹೋದೆ. ಪಾಂಡುರಂಗ ಪ್ರತ್ಯಕ್ಷನಾಗುವುದನ್ನಾಗಲಿ, ಸತ್ತ ಮಗು ಎದ್ದು ಬರುವುದನ್ನಾಗಲಿ ನೋಡಲೇ ಇಲ್ಲ.

ಆ ಬೇಸಿಗೆಯಲ್ಲಿ ಹಿತ್ತಲ ಗೋಡೆ ಕುಸಿದು, ಹೊಸ ಗೋಡೆಗೆ ಮಣ್ಣು ಕಲಸಿದರು. ಅಪ್ಪ ಪಂಚೆ ಎತ್ತಿ ಕಟ್ಟಿ ಮಣ್ಣಿಗೆ ಇಳಿದದ್ದೇ ತಡ, ನಾನು ಆಗಷ್ಟೇ ಹರಿದಾಡಲು ಕಲಿತಿದ್ದ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಪಕ್ಕದ ಮನೆಗೆ ಹೋಗಿ ಕೂತೆ. ಕರೆದರೂ ಬರಲಿಲ್ಲ. ಹೊತ್ತು ಮುಳುಗಿ, ಅಪ್ಪ ಕಾಲು ತೊಳೆದುಕೊಂಡರು ಎಂದು ಖಾತ್ರಿಯಾದ ಮೇಲೆಯೇ ವಾಪಸ್ಸು. ಯಾಕೆ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಅಪ್ಪನ ಮುಖ ನೋಡಿಕೊಂಡು ಅದನ್ನು ಹೇಗೆ ಹೇಳುವುದು?

ದೊಡ್ಡವಳಾದ ಮೇಲೆ ಹಳೆಯ ಚಿತ್ರಗಳ ಬಗ್ಗೆ ಓದುತ್ತ ಒಂದು ವಿಷಯ ಹೊಳೆಯಿತು. 'ಭಕ್ತ ಕುಂಬಾರ'ವನ್ನು ನಿರ್ದೇಶಿಸಿದವರು ಹುಣಸೂರು ಕೃಷ್ಣಮೂರ್ತಿ. 1965ರ 'ಸತ್ಯ ಹರಿಶ್ಚಂದ್ರ'ವೂ ಅವರದೇ, 1977ರ 'ಬಬ್ರುವಾಹನ'ವೂ ಅವರದೇ. ಮೂರರಲ್ಲೂ ನಾಯಕ ರಾಜಕುಮಾರ್. ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದರಲ್ಲಿ ಅಪ್ಪ ಮಗುವನ್ನು ತುಳಿಯುತ್ತಾನೆ. ಇನ್ನೊಂದರಲ್ಲಿ ಅಪ್ಪ ಕೊಟ್ಟ ಮಾತಿಗಾಗಿ ಹೆಂಡತಿ ಮಗನನ್ನು ಮಾರುತ್ತಾನೆ, ಹಾವು ಕಚ್ಚಿ ಸತ್ತ ಆ ಮಗನನ್ನೇ ಸುಡಲು ಸುಂಕ ಕೇಳುತ್ತಾನೆ. ಮೂರನೆಯದರಲ್ಲಿ ಅಪ್ಪ ಮಗ ಎದುರುಬದುರು ನಿಂತು ಬಾಣ ಬಿಡುತ್ತಾರೆ. ಅಪ್ಪನೂ ಅಣ್ಣಾವ್ರೇ, ಮಗನೂ ಅಣ್ಣಾವ್ರೇ. ಹಿಚ್‌ಕಾಕ್, ರಾಮ್ಸೆ ಸೋದರರು ಎಂದೆಲ್ಲ ಭಯದ ಗುತ್ತಿಗೆ ಹಿಡಿದವರ ಹೆಸರು ಹೇಳುತ್ತೇವೆ. ನನ್ನ ಪ್ರಕಾರ ಕನ್ನಡದ ಮಕ್ಕಳನ್ನು ಹುಣಸೂರರಷ್ಟು ಹೆದರಿಸಿದವರು ಇನ್ನೊಬ್ಬರಿಲ್ಲ. ಅವರಿಗೆ ಆ ಉದ್ದೇಶವೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಇದರಲ್ಲಿ ಅಣ್ಣಾವ್ರ ಪಾಲೂ ಸಣ್ಣದಲ್ಲ. ನಮ್ಮ ಮನೆಯ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಕ್ಯಾಲೆಂಡರಿನಿಂದ ಕತ್ತರಿಸಿದ ಅವರ ಪಟ ಇತ್ತು. ಒಳ್ಳೆಯ ಗಂಡ, ಒಳ್ಳೆಯ ಅಣ್ಣ, ಒಳ್ಳೆಯ ಮಗ ಎಂದರೆ ಅವರೇ. ಅಂಥವರು 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪುವಾಗಿ ಗದೆ ಹೊತ್ತು ಬಂದಾಗ ನಾನು ಕೊಂಚ ದೊಡ್ಡವಳಾಗಿದ್ದೆ, ಇದೆಲ್ಲ ನಟನೆ ಎಂದು ತಿಳಿಯುವಷ್ಟು. ಆದರೆ ನಮ್ಮ ಸ್ಕೂಲಿನ ಹುಡುಗನೊಬ್ಬ ಆ ತಿಳಿವಳಿಕೆಯನ್ನೂ ಕೆಡಿಸಿದ. "ಪ್ರಹ್ಲಾದ ಆಗಿರೋದು ಅವರ ಸ್ವಂತ ಮಗನೇ ಕಣ್ರೇ!" ಎಂದ. ನಿಜವೇ, ಪ್ರಹ್ಲಾದನ ಪಾತ್ರ ಮಾಡಿದ್ದು ಪುನೀತ್. ಸ್ವಂತ ಮಗನಿಗೆ ಅವರು ವಿಷ ಕುಡಿಸುತ್ತಿದ್ದಾರೆ, ಆನೆ ಕಾಲಿಗೆ ಹಾಕಿಸುತ್ತಿದ್ದಾರೆ, ಬೆಟ್ಟದಿಂದ ತಳ್ಳಿಸುತ್ತಿದ್ದಾರೆ. ಕಂಬ ಒಡೆದು ನರಸಿಂಹ ಬಂದಾಗ ಟೆಂಟಿನಲ್ಲಿ ಮಕ್ಕಳೆಲ್ಲ ಕಿರುಚಿ ಅಮ್ಮಂದಿರ ಸೆರಗಿಗೆ ಬಿದ್ದವು. ನನಗೆ ನರಸಿಂಹ ಬಂದದ್ದು ಸಮಾಧಾನವೇ ಆಯಿತು. ಹುಡುಗನ ಕಡೆಗೆ ಕೊನೆಗಾದರೂ ಒಬ್ಬರು ಬಂದರಲ್ಲ!

ಅದೇ ಚಿತ್ರ ನಿರ್ದೇಶಿಸಿದ ವಿಜಯ್ ಅದಕ್ಕೂ ನಾಲ್ಕು ವರ್ಷ ಮೊದಲು 'ನಾ ನಿನ್ನ ಬಿಡಲಾರೆ' ಮಾಡಿದ್ದರು. ಕನ್ನಡದಲ್ಲಿ ದೆವ್ವದ ಸಿನಿಮಾ ಎಂದರೆ ಈಗಲೂ ಜನ ಮೊದಲು ಹೇಳುವ ಹೆಸರು ಅದು. ಅನಂತ್ ನಾಗ್, ಲಕ್ಷ್ಮಿ, ರಾಜನ್–ನಾಗೇಂದ್ರರ ಹಾಡುಗಳು, ಮೈಮೇಲೆ ಬರುವ ಕಾಮಿನಿ, ಬಿಡಿಸುವುದಕ್ಕೆ ಮಂತ್ರಾಲಯ. ಚಿತ್ರಕ್ಕೆ ಹೋದವರು ಯಾರೂ ಒಂಟಿಯಾಗಿ ಮನೆಗೆ ಬರುತ್ತಿರಲಿಲ್ಲ. ಹುಣಸೆ ತೋಪು ದಾಟುವಾಗ ಗಂಡಸರು ಬೀಡಿ ಹಚ್ಚುತ್ತಿದ್ದರು, ಹೆಂಗಸರು ರಾಯರ ಹೆಸರು ಹೇಳುತ್ತಿದ್ದರು. ಅದರಲ್ಲೂ ನನ್ನನ್ನು ಕಾಡಿದವಳು ಕಾಮಿನಿಯಲ್ಲ. ನಗುನಗುತ್ತ ಹಾಡು ಹೇಳಿಕೊಂಡಿದ್ದ ಗಂಡ ಇದ್ದಕ್ಕಿದ್ದಂತೆ ಹೆಂಡತಿಯ ಗುರುತೇ ಇಲ್ಲದವನ ಹಾಗೆ ನೋಡುವುದಿದೆಯಲ್ಲ, ಅದು. ಅನಂತ್ ನಾಗ್ ಅವರ ಆ ನೋಟಕ್ಕೆ ಬಣ್ಣವೂ ಬೇಕಿರಲಿಲ್ಲ, ಕೋರೆಹಲ್ಲೂ ಬೇಕಿರಲಿಲ್ಲ. ಯಂಡಮೂರಿಯವರ ಕಾದಂಬರಿ ಆಧರಿಸಿದ 'ತುಳಸೀದಳ' 1985ರಲ್ಲಿ ಬಂತು. ಅದನ್ನು ನೋಡಿದ ಮೇಲೆ ಮೂರು ದಾರಿ ಕೂಡುವಲ್ಲಿ ಬಿದ್ದ ನಿಂಬೆಹಣ್ಣನ್ನು ಸುತ್ತು ಹಾಕಿ ನಡೆದದ್ದು ಬಿಟ್ಟರೆ ಹೆಚ್ಚಿನ ಹಾನಿಯಾಗಲಿಲ್ಲ.

ಅಮ್ಮ ದೆವ್ವಕ್ಕೂ ಹೆದರುತ್ತಿರಲಿಲ್ಲ, ನರಸಿಂಹನಿಗೂ ಹೆದರುತ್ತಿರಲಿಲ್ಲ. ಅವಳು ಬೆಚ್ಚಿದ್ದು 'ಶರಪಂಜರ'ಕ್ಕೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಚಿತ್ರ. ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರೇ ಹುಚ್ಚಿ ಎಂಬಂತೆ ಓರೆಗಣ್ಣಲ್ಲಿ ನೋಡುವುದು, ಕಡೆಗೆ ಕಲ್ಪನಾ ಅವರ ಆ ಅವತಾರ. ಟೆಂಟಿನಿಂದ ಬರುವಾಗ ದಾರಿಯುದ್ದಕ್ಕೂ ಅಮ್ಮ ತುಟಿ ಬಿಚ್ಚಲಿಲ್ಲ. ಮಾರನೆಯ ದಿನ ಯಾವುದೋ ಸಣ್ಣ ವಿಷಯಕ್ಕೆ ಅಪ್ಪ, "ನಿನಗೇನು ತಲೆ ಕೆಟ್ಟಿದೆಯಾ?" ಎಂದಾಗ ಅವಳು ಪಾತ್ರೆ ಕುಕ್ಕಿದ ರೀತಿ ಮಾತ್ರ ಈಗಲೂ ಕಿವಿಯಲ್ಲಿದೆ.

ಕಿವಿ ಎಂದ ಮೇಲೆ ಇದನ್ನು ಹೇಳಲೇಬೇಕು. ಸಿನಿಮಾದ ಭಯಕ್ಕೆಲ್ಲ ಕಣ್ಣನ್ನು ದೂರುವುದು ಅನ್ಯಾಯ. ಕಣ್ಣನ್ನು ಮುಚ್ಚಿಕೊಳ್ಳಬಹುದು, ಬೇಕೆಂದಾಗ ಬೆರಳ ಸಂದಿಯಲ್ಲಿ ಇಣುಕಬಹುದು. ಕಿವಿಗೆ ಆ ಸೌಲಭ್ಯವಿಲ್ಲ. ನಮ್ಮ ಟೆಂಟಿಗೆ ಗೋಡೆ ಎಂದರೆ ತಟ್ಟಿ, ಚಾವಣಿ ಎಂದರೆ ತೂತು ಬಿದ್ದ ಬಟ್ಟೆ. ಎರಡನೇ ಆಟದ ಸದ್ದು ರಾತ್ರಿ ಗಾಳಿಯಲ್ಲಿ ಊರನ್ನೆಲ್ಲ ಸುತ್ತುತ್ತಿತ್ತು. ಟಿಕೆಟ್ ಇಲ್ಲದೆ, ಕಂಬಳಿಯೊಳಗೆ ಮಲಗಿ, ನಾನು ಇಡೀ ಸಿನಿಮಾಗಳನ್ನು ಕೇಳಿದ್ದೇನೆ. ವಜ್ರಮುನಿಯವರ ನಗು, ಒಬ್ಬ ಹೆಂಗಸಿನ ಕೂಗು, ಕುದುರೆ ಓಡಿದ ಸದ್ದು, ಆಮೇಲೆ ಏನೂ ಇಲ್ಲ. ಬಹುಶಃ ರೀಲು ಬದಲಿಸುತ್ತಿದ್ದರು. ಆ ಏನೂ ಇಲ್ಲದ ಹೊತ್ತಿನಲ್ಲಿ ಆ ಹೆಂಗಸಿಗೆ ಏನಾಯಿತು ಎಂದು ನಾನು ಕಟ್ಟಿಕೊಂಡ ಕಥೆಯನ್ನು ಯಾವ ನಿರ್ದೇಶಕನಿಂದಲೂ ತೆಗೆಯಲಾಗದು. ಮುಂದೆ ಅವೇ ಚಿತ್ರಗಳನ್ನು ಟೀವಿಯಲ್ಲಿ ನೋಡಿದಾಗ, ಇಷ್ಟೇನಾ ಅನ್ನಿಸಿ ಕೊಂಚ ಮೋಸ ಹೋದಂತಾಯಿತು.

ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಕಾಲಕ್ಕೆ ಊರೆಲ್ಲ 'ನಾಳೆ ಬಾ' ಗದ್ದಲ. ರಾತ್ರಿ ದೆವ್ವ ಬಂದು ನಿಮ್ಮವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹೋಗಿ ಮಾರನೆಯ ರಾತ್ರಿ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ. ನಾನಿದ್ದ ವಠಾರದಲ್ಲಿ ಓದಿದವರು, ಓದದವರು ಎನ್ನದೆ ಎಲ್ಲರ ಬಾಗಿಲಲ್ಲೂ ಸೀಮೆಸುಣ್ಣದ ಬರಹ. ಬಾಡಿಗೆ ವಸೂಲಿಗೆ ಬಂದ ಮಾಲೀಕರು ಅದನ್ನು ತಮಗೇ ಬರೆದದ್ದೆಂದು ತಿಳಿದು ಸಿಟ್ಟಾಗಿದ್ದೂ ಉಂಟು. ಇದೇ ಕಥೆಯನ್ನು ಎತ್ತಿಕೊಂಡು 2018ರಲ್ಲಿ ಹಿಂದಿಯಲ್ಲಿ 'ಸ್ತ್ರೀ' ಬಂತು. ನಮ್ಮ ವಠಾರದ ದೆವ್ವಕ್ಕೆ ಮಧ್ಯಪ್ರದೇಶದ ಚಂದೇರಿಗೆ ವರ್ಗವಾಗಿತ್ತು. ಚಿತ್ರ ನೋಡಿ ಹೊಟ್ಟೆ ತುಂಬ ನಕ್ಕೆ. ಆದರೂ ಒಂದು ಕೊರತೆ ಉಳಿಯಿತು. ನಾವು ಹೆದರಿದ್ದು ದೆವ್ವ ಬರುತ್ತದೆ ಎಂದಲ್ಲ, ಅದು ಅಮ್ಮನ ದನಿಯಲ್ಲಿ ಕರೆಯುತ್ತದೆ ಎಂದು. ಆ ಎಳೆಯನ್ನು ಹಿಡಿದು ಎಳೆದಿದ್ದರೆ ನಗು ಅರ್ಧಕ್ಕೇ ನಿಂತುಬಿಡುತ್ತಿತ್ತು.

'ಆಪ್ತಮಿತ್ರ'ದ ಬಗ್ಗೆ ನನಗೆ ತೂಕದ ಅಭಿಪ್ರಾಯ ಹೇಳಲು ಆಗುವುದಿಲ್ಲ. 2004ರ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಆಗಸ್ಟ್‌ನಲ್ಲಿ ಚಿತ್ರ ತೆರೆಗೆ ಬಂತು. ಇಲ್ಲದಿರುವ ಹೆಂಗಸು ಪರದೆ ತುಂಬ ಗೆಜ್ಜೆ ಕಟ್ಟಿ ಕುಣಿಯುತ್ತಿದ್ದಾಳೆ. ಚಿತ್ರಮಂದಿರದಲ್ಲಿ ಶಿಳ್ಳೆಯೂ ಇತ್ತು, ಅಳುವೂ ಇತ್ತು. ಮುಂದೆ ಅದರ ಮುಂದುವರಿಕೆ 'ಆಪ್ತರಕ್ಷಕ' ಬರುವ ಹೊತ್ತಿಗೆ ಎರಡರ ನಾಯಕ ವಿಷ್ಣುವರ್ಧನ್ ಕೂಡ ಇರಲಿಲ್ಲ. ಜನ ಇದು ಚಿತ್ರದೊಳಗಿನ ನಾಗವಲ್ಲಿಯ ಶಾಪ ಎಂದು ಮಾತಾಡಿಕೊಂಡರು. ನಾಗವಲ್ಲಿ ಮೈಮೇಲೆ ಬಂದಂತೆ ಆಡುವ ಗಂಗಾಗೆ ಆಗಿರುವುದು ಮನೋರೋಗ ಎಂದು ಎರಡೂವರೆ ಗಂಟೆ ಬಿಡಿಸಿ ಹೇಳಿದ ಚಿತ್ರಕ್ಕೆ ನಮ್ಮವರು ಕೊಟ್ಟ ಮರ್ಯಾದೆ ಅದು.

ಇನ್ನು ಈಚೆಗೆ ನೋಡಿದವು. 2025ರ ಜುಲೈ 25ರಂದು, ಒಂದೇ ದಿನ, ಎರಡು ಚಿತ್ರ ಬಿಡುಗಡೆಯಾದವು: 'ಸು ಫ್ರಮ್ ಸೋ' ಮತ್ತು 'ಮಹಾವತಾರ್ ನರಸಿಂಹ'. ಮೊದಲನೆಯದು ಜೆ.ಪಿ. ತುಮಿನಾಡು ಅವರದು, ದೆವ್ವದ್ದು, ನಗುವಿನದು. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹುಡುಗ ಅಶೋಕ ಏಟು ತಪ್ಪಿಸಿಕೊಳ್ಳಲು ಮೈಮೇಲೆ ಬಂದವನಂತೆ ಆಡುತ್ತಾನೆ. ಊರವರು ಆ ದೆವ್ವಕ್ಕೆ ಹೆಸರು, ಊರು, ವಿಳಾಸ ಎಲ್ಲ ಕೊಟ್ಟುಬಿಡುತ್ತಾರೆ, ಸೋಮೇಶ್ವರದ ಸುಲೋಚನಾ ಎಂದು. ಕರಾವಳಿಯ ಕನ್ನಡ, ಮದುವೆಯಾಗದ ರವಿಯಣ್ಣನ ದೊಡ್ಡಸ್ತಿಕೆ, ಊರಿಗೆ ಊರೇ ದೆವ್ವ ಬಿಡಿಸುವ ತಜ್ಞರಾಗುವುದು, ಎಲ್ಲವೂ ಸೊಗಸು. ರಾಜ್ ಬಿ. ಶೆಟ್ಟಿಯವರ ಗುರೂಜಿ ಬಂದಮೇಲಿನ ತಮಾಷೆಯನ್ನು ಒಂದಿಷ್ಟು ಕತ್ತರಿಸಿದ್ದರೆ ನಷ್ಟವಿರಲಿಲ್ಲ. ಚಿತ್ರದ ಗಟ್ಟಿತನ ಇರುವುದು ಆಮೇಲೆ. ಸತ್ತವಳ ಮಗಳು ಭಾನು ಬಂದ ಮೇಲೆ, ನಗಿಸುತ್ತಿದ್ದ ಸುಳ್ಳು ದೆವ್ವಕ್ಕಿಂತ ಆ ಹುಡುಗಿಯ ಸುತ್ತ ಬದುಕಿರುವವರೇ ಭಯಂಕರ ಎಂದು ತಿಳಿಯುತ್ತದೆ. ದೆವ್ವವನ್ನು ಓಡಿಸದೆ ಕೆಲಸಕ್ಕೆ ಹಚ್ಚಿದ ಚಿತ್ರ ಎಂದು ನನಗೆ ಅದರ ಮೇಲೆ ಗೌರವ.

ಮಲಯಾಳದ 'ಭ್ರಮಯುಗಂ' ನೋಡಿದ್ದು ಮನೆಯಲ್ಲಿ, ದೀಪ ಆರಿಸಿ. 2024ರಲ್ಲಿ ಬಂದ ಚಿತ್ರ, ಆದರೆ ಕಪ್ಪು ಬಿಳುಪು. ಪಾಳುಬಿದ್ದ ದೊಡ್ಡ ಮನೆ, ಒಳಗೆ ಮಮ್ಮೂಟ್ಟಿ, ಒಬ್ಬ ಅಡುಗೆಯವ, ದಾರಿ ತಪ್ಪಿ ಬಂದ ಒಬ್ಬ ಹಾಡುಗಾರ. ಇಷ್ಟೇ ಜನ. ದಾಳ ಹಾಕಿ ಆಯುಷ್ಯ ಗೆದ್ದುಕೊಳ್ಳುವ ಆ ಮುದುಕ ಊಟಕ್ಕೆ ಕೂತರೇ ಸಾಕು, ನೋಡುವವರಿಗೆ ತುತ್ತು ಇಳಿಯುವುದಿಲ್ಲ. ಢಮಾರ್ ಎಂದು ಸದ್ದು ಮಾಡಿ ಕುರ್ಚಿಯಿಂದ ಹಾರಿಸುವುದು ಹೆದರಿಸಿದಂತಲ್ಲ, ಬೆಚ್ಚಿಬೀಳಿಸಿದಂತೆ ಎನ್ನುವುದು ಇದನ್ನು ತೆಗೆದವರಿಗೆ ಗೊತ್ತಿದೆ. ಮನೆಗೆ ಕರೆದು ಅನ್ನ ಹಾಕಿದವನೇ ಬಾಗಿಲು ಹಾಕಿಕೊಂಡರೆ ಎಲ್ಲಿಗೆ ಹೋಗುವುದು? ಈಚಿನ ವರ್ಷಗಳಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಇದೊಂದಕ್ಕೆ.

'ಕಾಂತಾರ'ದ ಬಗ್ಗೆ ಎಲ್ಲರೂ ಹೇಳಿಯಾಗಿದೆ. 2022ರದರ ಕೂಗಿಗೆ ಮೈ ಜುಮ್ಮೆಂದದ್ದು ನಿಜ. ನನಗೆ ಉಳಿದದ್ದು ಅದರ ಶುರುವಿನ ಭಾಗ: ಕೋಲ ಕಟ್ಟಿದ ಅಪ್ಪ ಕಾಡಿನೊಳಗೆ ಓಡಿ, ಮಗನ ಕಣ್ಣೆದುರೇ ಇಲ್ಲವಾಗುವುದು. ಆ ಮಗ ದೊಡ್ಡವನಾದ ಮೇಲೂ ನಿದ್ದೆಯಲ್ಲಿ ಬೆಚ್ಚಿ ಏಳುತ್ತಾನೆ, ಏಳದೆ ಇರುತ್ತಾನೆಯೇ? 2025ರ 'ಕಾಂತಾರ: ಚಾಪ್ಟರ್ 1' ಇನ್ನೂ ದೊಡ್ಡದು, ಇನ್ನೂ ಜೋರು. ಚಿತ್ರಮಂದಿರಗಳಲ್ಲಿ ಜನ ದೈವದಂತೆ ಆಡತೊಡಗಿ, ಹಾಗೆ ಅನುಕರಿಸಬೇಡಿ ಎಂದು ನಿರ್ಮಿಸಿದವರೇ ಕೇಳಿಕೊಳ್ಳುವಂತಾಯಿತು. ಎದುರಿಗೆ ಬಂದರೆ ಕೈಮುಗಿದು ಪಕ್ಕಕ್ಕೆ ಸರಿಯಬೇಕಾದ್ದನ್ನು ಎದ್ದು ಕುಣಿದು ತೋರಿಸುವವರಿಗೆ ಸಿನಿಮಾದಲ್ಲಿ ಕಂಡದ್ದೇನು ಎಂದು ನನಗೆ ತಿಳಿಯಲಿಲ್ಲ.

'ಮಹಾವತಾರ್ ನರಸಿಂಹ'ಕ್ಕೆ ನಾನು ಹೋದದ್ದು ತಮ್ಮನ ಮಗನ ಜೊತೆ. ಮಣ್ಣಿನ ಕಾಲಿನಿಂದ ನಾನು ಕಾಪಾಡಿದ ಅದೇ ತಮ್ಮ. ಅನಿಮೇಷನ್ ಚಿತ್ರ, ಹುಡುಗನ ಮೂಗಿನ ಮೇಲೆ ತ್ರೀಡಿ ಕನ್ನಡಕ, ಮಡಿಲಲ್ಲಿ ಪಾಪ್‌ಕಾರ್ನ್. ಕಂಬ ಒಡೆಯುವಾಗ ಅವನು ಕಿರುಚಿಕೊಂಡರೆ ತಬ್ಬಿಕೊಳ್ಳಬೇಕು ಎಂದು ನಾನು ಸಿದ್ಧವಾಗಿದ್ದೆ. ಅವನು ಎದ್ದು ನಿಂತು ಶಿಳ್ಳೆ ಹಾಕಿದ. ಕೊನೆಯ ಕಾಳಗ ನನಗೆ ತುಸು ಲಂಬಿಸಿದ್ದು ಅನ್ನಿಸಿತು. ಅವನಿಗೆ ಸಾಲದೇ ಹೋಯಿತಂತೆ. ಈಗಿನ ಮಕ್ಕಳಿಗೆ ಹೆದರಿಕೆಯೇ ಇಲ್ಲ ಎಂದುಕೊಳ್ಳುತ್ತ ಆಟೋ ಹತ್ತಿದೆ. ಅರ್ಧ ದಾರಿ ಸುಮ್ಮನಿದ್ದವನು ಕೇಳಿದ: "ಅತ್ತೆ, ಪ್ರಹ್ಲಾದನ ಅಮ್ಮ ಯಾಕೆ ಅವರಪ್ಪಂಗೆ ಬೇಡ ಅನ್ನಲಿಲ್ಲ?"

ಏನೋ ಒಂದು ಹೇಳಿ ಸುಮ್ಮನಾಗಿಸಿದೆ. ರಾತ್ರಿ ಮಲಗುವ ಹೊತ್ತಿಗೆ ಅವನು ಅಪ್ಪನ ಪಕ್ಕ ಬೇಡ, ಅಮ್ಮನ ಪಕ್ಕ ಎಂದು ಹಟ ಹಿಡಿದನಂತೆ. ತಮ್ಮ ಮಾರನೆಯ ದಿನ ಫೋನು ಮಾಡಿ, "ಏನು ತೋರಿಸ್ಕೊಂಡು ಬಂದೆ ಅಕ್ಕಾ?" ಎಂದು ಆಕ್ಷೇಪಿಸಿದ. ದೇವರ ಸಿನಿಮಾ, ಒಳ್ಳೇ ಬುದ್ಧಿ ಬರುತ್ತೆ, ಎಂದೆ.

ಸೆನ್ಸಾರಿನವರು ಈಗ ಯುಎ ದರ್ಜೆಯನ್ನೇ ಮೂರು ಮಾಡಿದ್ದಾರೆ, 7 ವರ್ಷ, 13 ವರ್ಷ, 16 ವರ್ಷ ಎಂದು. ರಕ್ತ ಎಷ್ಟು, ಬೈಗುಳ ಎಷ್ಟು, ದೆವ್ವ ಎಷ್ಟು ಎಂದು ಅಳೆಯುತ್ತಾರೆ. ಅಪ್ಪ ಮಗನ ಕಡೆ ನೋಡುವ ನೋಟ ಅವರ ಅಳತೆಗೆ ಬರುವುದಿಲ್ಲ. ಆದ್ದರಿಂದ ಆ ಕೆಲಸ ನಿಮ್ಮದು. ದೆವ್ವದ ಸಿನಿಮಾಕ್ಕೆ ಮಕ್ಕಳನ್ನು ನಿಶ್ಚಿಂತೆಯಿಂದ ಕಳಿಸಿ. ನಕ್ಕು, ಕಿರುಚಿ, ಗಂಟಲು ಕಟ್ಟಿಕೊಂಡು ಬರುತ್ತಾರೆ. 'ಭಕ್ತ ಕುಂಬಾರ' ತೋರಿಸುವುದಾದರೆ ಮಾತ್ರ ಜೊತೆಗೆ ಕೂತುಕೊಳ್ಳಿ. ತೋರಿಸಬೇಡಿ ಎನ್ನುತ್ತಿಲ್ಲ, ಅಂಥ ಚಿತ್ರ ಮತ್ತೆ ಬರುವುದಿಲ್ಲ. ಆದರೆ ಮಣ್ಣಿನಲ್ಲಿ ಹೋದ ಮಗು ಎದ್ದು ಬರುವ ತನಕ ನಿಮ್ಮ ಮಗುವನ್ನು ನಿದ್ದೆ ಹೋಗಲು ಬಿಡಬೇಡಿ.